ಹಾರ್ಡ್‌ಫೋರ್ಕ್‌ಗೆ ಹನ್ನೆರಡು ದಿನ ಇದೆ. ನೋಡ್ ಓಡಿಸುವವರು ಈಗಲೇ ಏನೇನು ಮಾಡಿಡುತ್ತೀರಿ?

ಎರಡು_ನೋಡ್:
ಎಲ್ಲರಿಗೂ ನಮಸ್ಕಾರ. ಆಪ್ ಸ್ಟ್ಯಾಕ್ (ಆಪ್ಟಿಮಿಸಂನವರ ತಂತ್ರಾಂಶ) ಮೇಲೆ ಕಟ್ಟಿದ ಒಂದು ರೋಲಪ್‌ಗೆ, ಅಂದರೆ ಎಥೀರಿಯಂ ಮೇಲೆ ಕೂತು ಓಡುವ ಚೈನ್‌ಗೆ, ನಾನು ಎರಡು ನೋಡ್ (ಚೈನ್‌ನ ಪ್ರತಿ ಇಟ್ಟು ತಾಳೆ ನೋಡುವ ಮೆಷಿನ್) ಓಡಿಸುತ್ತೇನೆ. ಒಂದು ಫುಲ್ ನೋಡ್, ಇನ್ನೊಂದು ಹಳೆಯ ಲೆಕ್ಕ ಎಲ್ಲವನ್ನೂ ಇಟ್ಟುಕೊಳ್ಳುವ ಆರ್ಕೈವ್. ಮುಂದಿನ ಹಾರ್ಡ್‌ಫೋರ್ಕ್‌ಗೆ (ಎಲ್ಲ ನೋಡ್‌ಗಳೂ ಒಟ್ಟಿಗೆ ಹೊಸ ನಿಯಮಕ್ಕೆ ಬದಲಾಗುವ ಕ್ಷಣ) ಹನ್ನೆರಡು ದಿನ ಉಳಿದಿದೆ. ಪ್ರಕಟಣೆಯಲ್ಲಿ ನಮಗೆಂದು ಇರುವುದು ಒಂದೇ ಸಾಲು: ಹೊಸ ಆವೃತ್ತಿಗೆ ಬದಲಾಯಿಸಿಕೊಳ್ಳಿ. ಅಷ್ಟರಲ್ಲೇ ಮುಗಿಯುವ ಹಾಗಿದ್ದರೆ ನಾನು ಇಲ್ಲಿ ಕೇಳುತ್ತಿರಲಿಲ್ಲ.

ಹಿಂದಿನ ಸಲ ನಡೆದದ್ದು ಹೇಳುತ್ತೇನೆ, ನಗಬೇಡಿ. ನಮ್ಮ ನೋಡ್ ಅಂದರೆ ಎರಡು ಪ್ರೋಗ್ರಾಂ: ಎಥೀರಿಯಂನಿಂದ ಡೇಟಾ ಓದಿ ಚೈನ್ ಕಟ್ಟಿಸುವ ಆಪ್-ನೋಡ್, ವಹಿವಾಟು ನಡೆಸಿ ಲೆಕ್ಕ ಇಡುವ ಆಪ್-ಗೆತ್. ಆರ್ಕೈವ್ ಮೆಷಿನ್‌ನಲ್ಲಿ ಆಪ್-ನೋಡ್ ಹೊಸದು ಹಾಕಿದೆ, ಆಪ್-ಗೆತ್ ಹಳೆಯದೇ ಉಳಿಯಿತು. ಫೋರ್ಕ್ ಆಗುವವರೆಗೂ ಎರಡೂ ಚೆನ್ನಾಗಿ ಮಾತಾಡಿಕೊಂಡಿದ್ದವು. ಫೋರ್ಕ್ ಆದ ಕೂಡಲೇ ಆಪ್-ನೋಡ್ ಹೊಸ ಎಂಜಿನ್ ಎಪಿಐ (ಅವೆರಡೂ ಮಾತಾಡಿಕೊಳ್ಳುವ ದಾರಿ) ಕರೆ ಮಾಡಿತು, ಹಳೆಯ ಆಪ್-ಗೆತ್ ಒಪ್ಪಲಿಲ್ಲ. ಅಲ್ಲಿಗೆ ನಿಂತಿತು. ನನಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ. ನನ್ನ ಅಲರ್ಟ್ ನೋಡುತ್ತಿದ್ದದ್ದು ಪ್ರೊಸೆಸ್ ಓಡುತ್ತಿದೆಯೋ ಇಲ್ಲವೋ ಅಂತ ಮಾತ್ರ. ಪ್ರೊಸೆಸ್ ಓಡುತ್ತಲೇ ಇತ್ತು.

ನೀವು ಯಾವಾಗ ಅಪ್‌ಗ್ರೇಡ್ ಮಾಡುತ್ತೀರಿ? ಯಾವುದು ಮೊದಲು? ಆಮೇಲೆ ಏನು ನೋಡಿ ಸಮಾಧಾನ ಮಾಡಿಕೊಳ್ಳುತ್ತೀರಿ?

ಪೇಜರ್_ಪೀಡಿತ:
ಗುರು, ಇದರಲ್ಲಿ ನಗುವುದೇನಿದೆ. ಇಲ್ಲಿರುವ ಅರ್ಧ ಜನ ಅದೇ ತಪ್ಪು ಮಾಡಿ ಬಂದವರು.

ನನ್ನ ಕ್ರಮ ಹೇಳುತ್ತೇನೆ. ಹೊಸ ಬೈನರಿಯಲ್ಲಿ ಹಳೆಯ ನಿಯಮವೂ ಇರುತ್ತದೆ, ಹೊಸ ನಿಯಮವೂ ಇರುತ್ತದೆ. ಯಾವ ಕ್ಷಣದಿಂದ ಹೊಸದು ಅನ್ನುವ ಸಮಯ ಒಳಗೇ ಬರೆದಿರುತ್ತದೆ. ಹಾಗಾಗಿ ಬೇಗ ಹಾಕಿಕೊಂಡರೆ ನಷ್ಟ ಇಲ್ಲ. ನಾನು ಹತ್ತು ದಿನ ಮೊದಲೇ ಹಾಕುತ್ತೇನೆ. ಮೊದಲು ಆಪ್-ಗೆತ್, ಅದು ಕೊನೆಯ ಬ್ಲಾಕ್‌ವರೆಗೆ ಬಂದ ಮೇಲೆ ಆಪ್-ನೋಡ್. ಫೋರ್ಕ್‌ಗೆ ಮುಂಚೆ ಕ್ರಮ ಅಷ್ಟೇನೂ ಮುಖ್ಯವಲ್ಲ. ಆದರೆ ಎರಡನ್ನೂ ಒಂದೇ ಸಲ ಕೂತು ಮುಗಿಸಿ. "ಇನ್ನೊಂದನ್ನು ನಾಳೆ ಮಾಡೋಣ" ಅಂದರೆ ನಿಮ್ಮ ಆರ್ಕೈವ್ ಕಥೆಯೇ.

ಇನ್ನೊಂದು, ನಿಲ್ಲಿಸುವ ರೀತಿ. ಡಾಕರ್ ಸ್ಟಾಪ್ (ನೋಡ್ ಓಡುವ ಕಂಟೇನರ್ ನಿಲ್ಲಿಸುವ ಆದೇಶ) ಕೊಟ್ಟರೆ ಅದು ಹತ್ತು ಸೆಕೆಂಡ್ ಕಾಯುತ್ತದೆ, ಆಮೇಲೆ ಕೊಂದುಬಿಡುತ್ತದೆ. ಗೆತ್‌ಗೆ ನೆನಪಿನಲ್ಲಿ ಇಟ್ಟುಕೊಂಡಿರುವ ಸ್ಟೇಟ್ (ಖಾತೆಗಳ ಸದ್ಯದ ಲೆಕ್ಕ) ಅನ್ನು ಡಿಸ್ಕ್‌ಗೆ ಬರೆದು ಮುಗಿಸಲು ಅಷ್ಟು ಹೊತ್ತು ಸಾಲುವುದಿಲ್ಲ. ನಾನು 300 ಸೆಕೆಂಡ್ ಕೊಡುತ್ತೇನೆ. ಇದನ್ನು ಕಲಿಯಲು ನನಗೆ ಎರಡು ಸಲ ಡೇಟಾಬೇಸ್ ಹಾಳಾಗಬೇಕಾಯಿತು.

ತಕರಾರು_ತಮ್ಮಯ್ಯ:
ಹತ್ತು ದಿನ ಮೊದಲಾ? ನಾನು ಒಪ್ಪುವುದಿಲ್ಲ. ಮೊದಲ ರಿಲೀಸ್ ಬಂದ ನಾಲ್ಕನೇ ದಿನಕ್ಕೆ ಸಣ್ಣ ತಿದ್ದುಪಡಿಯ ರಿಲೀಸ್ ಬರುತ್ತದೆ. ಆಗ ಮತ್ತೆ ನಿಲ್ಲಿಸು, ಮತ್ತೆ ಶುರು ಮಾಡು. ನಾನು ಮೂರು ದಿನ ಇರುವಾಗ ಹಾಕುತ್ತೇನೆ. ಬೇರೆಯವರು ಬಗ್ ಹುಡುಕಿ ಕೊಟ್ಟಿರುತ್ತಾರೆ.

ಪೇಜರ್_ಪೀಡಿತ:
ಆ ಬೇರೆಯವರು ನಾವೇ ಸ್ವಾಮಿ. ಸುಮ್ನೆ ಥ್ಯಾಂಕ್ಸ್ ಹೇಳಿ.

ಎರಡು ಸಲ ನಿಲ್ಲಿಸಿದರೆ ಏನು ಹೋಗುತ್ತದೆ? ಎರಡು ನೋಡ್ ಇದ್ದರೆ ಒಂದಾದ ಮೇಲೆ ಒಂದು ಮಾಡಿ, ಬಳಸುವವರಿಗೆ ಗೊತ್ತೇ ಆಗುವುದಿಲ್ಲ. ಮೂರು ದಿನ ಇರುವಾಗ ಡೇಟಾಬೇಸ್ ಹಾಳಾದರೆ ಆರ್ಕೈವ್ ಸ್ನ್ಯಾಪ್‌ಶಾಟ್ (ಡೇಟಾಬೇಸ್‌ನ ಸಿದ್ಧ ಪ್ರತಿ) ಇಳಿಸಿಕೊಳ್ಳಲೇ ನಿಮ್ಮ ಮೂರು ದಿನ ಮುಗಿಯುತ್ತದೆ.

ತಕರಾರು_ತಮ್ಮಯ್ಯ:
ಆರ್ಕೈವ್ ವಿಷಯಕ್ಕೆ ಒಪ್ಪಿದೆ. ಫುಲ್ ನೋಡ್‌ಗೆ ಒಪ್ಪಿಲ್ಲ.

ಹೊಸಬ_07:
ಒಂದು ದಡ್ಡ ಪ್ರಶ್ನೆ. ಫೋರ್ಕ್ ಒಂದು ನಿರ್ದಿಷ್ಟ ಸಮಯಕ್ಕೆ ಆಗುತ್ತದೆ ಅಂದರೆ, ನನ್ನ ಮೆಷಿನ್ ಗಡಿಯಾರ ಎರಡು ನಿಮಿಷ ಹಿಂದಿದ್ದರೆ ನಾನು ಎರಡು ನಿಮಿಷ ತಡವಾಗಿ ಫೋರ್ಕ್ ಆಗುತ್ತೇನಾ?

ಪೇಜರ್_ಪೀಡಿತ:
ಹೌದು, ಅದಕ್ಕೇ ಕ್ರೋನಿ (ಗಡಿಯಾರ ಸರಿ ಇಡುವ ಪ್ರೋಗ್ರಾಂ) ಹಾಕಿಕೊಳ್ಳಿ.

ಹ್ಯಾಶ್_ನೋಡು:
ಇಲ್ಲ, ಅದು ತಪ್ಪು. ನೋಡುವುದು ಬ್ಲಾಕ್‌ನಲ್ಲಿ ಬರೆದಿರುವ ಸಮಯವನ್ನು, ನಿಮ್ಮ ಮೆಷಿನ್ ಗಡಿಯಾರವನ್ನಲ್ಲ. ನಿಗದಿಯಾದ ಸಮಯಕ್ಕೆ ಸಮನಾದ ಅಥವಾ ಅದನ್ನು ದಾಟಿದ ಮೊದಲ ಬ್ಲಾಕ್‌ನಿಂದ ಹೊಸ ನಿಯಮ. ಇಲ್ಲದಿದ್ದರೆ ಒಂದು ವರ್ಷ ಬಿಟ್ಟು ಮೊದಲಿನಿಂದ ಸಿಂಕ್ ಮಾಡುವವರು ಏನು ಮಾಡಬೇಕು?

ಗಡಿಯಾರ ಸರಿ ಇರಬೇಕು, ಆದರೆ ಕಾರಣ ಬೇರೆ. ಬ್ಲಾಕ್ ಕಟ್ಟುವ ಸೀಕ್ವೆನ್ಸರ್‌ನಿಂದ ಗಾಸಿಪ್‌ನಲ್ಲಿ (ನೋಡ್‌ನಿಂದ ನೋಡ್‌ಗೆ ಹರಡುತ್ತಾ) ಬರುವ ಬ್ಲಾಕ್ 60 ಸೆಕೆಂಡ್‌ಗಿಂತ ಹಳೆಯದಾದರೆ ಅಥವಾ 5 ಸೆಕೆಂಡ್‌ಗಿಂತ ಜಾಸ್ತಿ ಮುಂದಿದ್ದರೆ ನೋಡ್ ಅದನ್ನು ತಳ್ಳಿಹಾಕುತ್ತದೆ. ನಿಮ್ಮ ಗಡಿಯಾರ ಎರಡು ನಿಮಿಷ ಹಿಂದಿದ್ದರೆ ಬರುವ ಬ್ಲಾಕ್ ಎಲ್ಲವೂ ನಿಮಗೆ ಭವಿಷ್ಯದಿಂದ ಬಂದ ಹಾಗೆ. ಫೋರ್ಕ್ ಇರಲಿ ಬಿಡಲಿ, ಅದು ತೊಂದರೆಯೇ.

ಪೇಜರ್_ಪೀಡಿತ:
ಸರಿ ಸರಿ, ತಿದ್ದಿಕೊಂಡೆ. ಕ್ರೋನಿ ಮಾತ್ರ ಹಾಕಿಕೊಳ್ಳಿ.

ಲಾಗ್_ಪ್ರಿಯ:
ಒಂದು ಕುತೂಹಲ. ಆಪ್ ಮೇನ್‌ನೆಟ್‌ನಲ್ಲಿ (ಆಪ್ಟಿಮಿಸಂನ ಮುಖ್ಯ ಚೈನ್) ಎಕೋಟೋನ್ ಅನ್ನುವ ಫೋರ್ಕ್ ಆದದ್ದು 2024ರ ಮಾರ್ಚ್ 14, ಯುಟಿಸಿ 00:00:01. ಹೋಲೋಸೀನ್ ಫೋರ್ಕ್ 2025ರ ಜನವರಿ 9, 18:00:01. ಆ ಒಂದು ಸೆಕೆಂಡ್ ಯಾಕೆ ಅಂತ ನನಗೆ ಬಹಳ ದಿನ ತಲೆ ಕೆಟ್ಟಿತ್ತು. ಎರಡು ಸೆಕೆಂಡ್‌ಗೆ ಒಂದು ಬ್ಲಾಕ್, ಅಲ್ಲಿ ಬ್ಲಾಕ್ ಎಲ್ಲ ಬೆಸ ಸೆಕೆಂಡ್‌ಗೆ ಬೀಳುತ್ತವೆ. ಅಷ್ಟೇ ಕಥೆ.

ತಕರಾರು_ತಮ್ಮಯ್ಯ:
ಇದರಿಂದ ನೋಡ್ ಬೇಗ ಸಿಂಕ್ ಆಗುತ್ತಾ?

ಲಾಗ್_ಪ್ರಿಯ:
ಇಲ್ಲ. ಆದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಬ್ಲಾಬ್_ಹುಡುಗಿ:
ಎಲ್ಲರೂ ಬೈನರಿ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮನ್ನು ಹೊಡೆದದ್ದು ಕೆಳಗಿನ ಎಲ್‌1, ಅಂದರೆ ಎಥೀರಿಯಂ ಜೊತೆಗಿನ ಸಂಪರ್ಕ.

ಎಕೋಟೋನ್ ಸಮಯದ ಮಾತು. ಅಲ್ಲಿಯವರೆಗೆ ಆಪ್-ನೋಡ್‌ಗೆ ಎಥೀರಿಯಂನಲ್ಲಿ ವಹಿವಾಟು ನಡೆಸುವ (ಎಕ್ಸಿಕ್ಯೂಷನ್) ಕಡೆಯ ಆರ್‌ಪಿಸಿ, ಅಂದರೆ ಡೇಟಾ ಕೇಳುವ ವಿಳಾಸ, ಸಾಕಿತ್ತು. ಎಕೋಟೋನ್‌ನಿಂದ ಬ್ಯಾಚ್‌ಗಳು (ಎಲ್‌1ಗೆ ಹಾಕುವ ರೋಲಪ್ ವಹಿವಾಟಿನ ಕಟ್ಟು) ಬ್ಲಾಬ್‌ನಲ್ಲಿ (ಸ್ವಲ್ಪ ದಿನ ಮಾತ್ರ ಉಳಿಯುವ ಡೇಟಾ ಮೂಟೆ) ಹೋಗಬಹುದು ಅಂತಾಯಿತು. ಬ್ಲಾಬ್ ಸಿಗುವುದು ಬೀಕನ್ ನೋಡ್ (ಎಥೀರಿಯಂನ ಒಮ್ಮತದ ಕಡೆಯ ನೋಡ್) ಬಳಿ. ಹೊಸ ಆಪ್-ನೋಡ್ ಬೀಕನ್ ವಿಳಾಸ ಕೊಡದಿದ್ದರೆ ಶುರುವೇ ಆಗುತ್ತಿರಲಿಲ್ಲ. ಒಳ್ಳೆಯ ಏರ್ಪಾಟು, ಅಲ್ವಾ? ಆದರೆ ಅದನ್ನು ಕಡೆಗಣಿಸು ಅನ್ನುವ ಫ್ಲ್ಯಾಗ್ ಕೂಡ ಇತ್ತು. ನಮ್ಮ ತಂಡದವರೊಬ್ಬರು "ಸದ್ಯಕ್ಕೆ" ಅಂತ ಅದನ್ನು ಹಾಕಿದರು. ಶುರುವಾಯಿತು. ಎಲ್ಲರೂ ಖುಷಿ.

ಬ್ಯಾಚ್ ಕಳಿಸುವ ಬ್ಯಾಚರ್ ಬ್ಲಾಬ್‌ಗೆ ಬದಲಾದ ಮೇಲೆ ನಮ್ಮ ಸೇಫ್ ಹೆಡ್ (ಎಲ್‌1 ಡೇಟಾದಿಂದ ಖಚಿತವಾದ ಕೊನೆಯ ಬ್ಲಾಕ್) ನಿಂತುಹೋಯಿತು. ಅನ್‌ಸೇಫ್ ಹೆಡ್ (ಹಾಗೆ ಇನ್ನೂ ಖಚಿತವಾಗದ ಕೊನೆಯ ಬ್ಲಾಕ್) ಮಾತ್ರ ಗಾಸಿಪ್‌ನಿಂದ ಓಡುತ್ತಲೇ ಇತ್ತು. ನಮ್ಮ ಡ್ಯಾಶ್‌ಬೋರ್ಡ್ ನೋಡುತ್ತಿದ್ದದ್ದು ಕೊನೆಯ ಬ್ಲಾಕ್ ಒಂದನ್ನೇ. ಎಲ್ಲ ಹಸಿರು. ಹಣ ಜಮೆ ಮಾಡುವ ಮುಂಚೆ ಸೇಫ್ ಬ್ಲಾಕ್‌ಗೆ ಕಾಯುವ ಒಬ್ಬ ಬಳಕೆದಾರರು ಬಂದು "ನಿಮ್ಮದು ನಿಂತಿದೆ" ಅಂದಾಗಲೇ ನಮಗೆ ಗೊತ್ತಾದದ್ದು.

ಆದ್ದರಿಂದ ಈಗ ನಾನು ಸಿಂಕ್ ಸ್ಟೇಟಸ್ ಕರೆಯಲ್ಲಿ ಅನ್‌ಸೇಫ್, ಸೇಫ್, ಫೈನಲೈಸ್ಡ್ (ಇನ್ನು ಬದಲಾಗದ್ದು) ಮೂರನ್ನೂ ಬೇರೆ ಬೇರೆ ಗೆರೆಯಾಗಿ ನೋಡುತ್ತೇನೆ. ಅನ್‌ಸೇಫ್ ಮತ್ತು ಸೇಫ್ ನಡುವಿನ ಅಂತರ ಮಾಮೂಲಿಗಿಂತ ಹಿಗ್ಗಿದರೆ ಫೋನ್ ಬಡಿದುಕೊಳ್ಳುತ್ತದೆ.

ಎರಡು_ನೋಡ್:
ನಿಂತದ್ದು ತಡವಾಗಿ ಗೊತ್ತಾದರೆ ಬೀಕನ್ ವಿಳಾಸ ಕೊಟ್ಟ ಕೂಡಲೇ ಸರಿಹೋಗುತ್ತದೆಯೇ?

ಬ್ಲಾಬ್_ಹುಡುಗಿ:
ಎಷ್ಟು ತಡ ಅನ್ನುವುದರ ಮೇಲೆ. ಬೀಕನ್ ನೋಡ್‌ಗಳು ಬ್ಲಾಬ್ ಇಟ್ಟುಕೊಳ್ಳಲೇಬೇಕಾದದ್ದು 4096 ಎಪೋಕ್, ಅಂದರೆ ಸುಮಾರು 18 ದಿನ. ನಾವು ಅದರೊಳಗೇ ಎಚ್ಚೆತ್ತೆವು, ಬದುಕಿದೆವು.

ಹೊಸಬ_07:
ಅಯ್ಯೋ, 18 ದಿನ ಆದ ಮೇಲೆ ರೋಲಪ್ ಡೇಟಾ ಶಾಶ್ವತವಾಗಿ ಹೋಯಿತಾ?

ಬ್ಲಾಬ್_ಹುಡುಗಿ:
ಹೋಗುವುದಿಲ್ಲ. ಬ್ಲಾಬ್‌ನ ಬದ್ಧತೆ (ಅದರ ಗಣಿತದ ಬೆರಳಚ್ಚು) ಎಲ್‌1ರಲ್ಲಿ ಉಳಿದಿರುತ್ತದೆ, ಒಳಗಿನ ಡೇಟಾವನ್ನು ಆರ್ಕೈವ್ ಮಾಡುವವರು ಇಟ್ಟಿರುತ್ತಾರೆ. ಅವರ ವಿಳಾಸವನ್ನು ಬದಲಿ ಬೀಕನ್ ಆಗಿ ಕೊಡಬಹುದು. ಅವರು ಕೊಟ್ಟ ಬ್ಲಾಬ್ ಸರಿಯೋ ಅಂತ ಆ ಬದ್ಧತೆಯ ಜೊತೆ ತಾಳೆ ನೋಡಬಹುದು, ಅವರನ್ನು ನಂಬಿ ಕೂರಬೇಕಾಗಿಲ್ಲ. ಅಥವಾ ಹೊಸ ಸ್ನ್ಯಾಪ್‌ಶಾಟ್ ಇಳಿಸಿಕೊಳ್ಳಿ.

ಇನ್ನೊಂದು ಮಾತು. 2025ರ ಡಿಸೆಂಬರ್ 3ರ ಫುಸಾಕಾ (ಎಥೀರಿಯಂನದೇ ಫೋರ್ಕ್) ಆದ ಮೇಲೆ ಮಾಮೂಲಿ ಬೀಕನ್ ನೋಡ್ ಪೂರ್ತಿ ಬ್ಲಾಬ್ ಇಟ್ಟುಕೊಳ್ಳುವುದೇ ಇಲ್ಲ. ಅದರಲ್ಲಿ ಬಂದ ಪಿಯರ್‌ಡಾಸ್ ಏರ್ಪಾಟಿನಲ್ಲಿ ಡೇಟಾ 128 ಕಾಲಮ್ ಆಗಿ ಒಡೆಯುತ್ತದೆ, ಪ್ರತಿ ನೋಡ್ ಕೆಲವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಪೂರ್ತಿ ಬ್ಲಾಬ್ ಮರಳಿ ಕಟ್ಟಲು ಕನಿಷ್ಠ ಅರ್ಧ, ಅಂದರೆ 64 ಕಾಲಮ್ ಬೇಕು. ಸ್ವಂತ ಬೀಕನ್ ಓಡಿಸುವವರು ಅದನ್ನು ಸೂಪರ್‌ನೋಡ್ (ಎಲ್ಲ ಕಾಲಮ್ ಇಡುವುದು) ಅಥವಾ ಸೆಮಿ-ಸೂಪರ್‌ನೋಡ್ (ಅರ್ಧ ಇಡುವುದು) ಆಗಿ ಓಡಿಸಬೇಕು. ಹೆಲ್ತ್ ಚೆಕ್ ಹಸಿರೇ ಇರುತ್ತದೆ. ಬ್ಲಾಬ್ ಕೇಳಿದಾಗ ಮಾತ್ರ ಕೈ ಎತ್ತುತ್ತದೆ.

ಪೇಜರ್_ಪೀಡಿತ:
ಇದನ್ನು ದಪ್ಪ ಅಕ್ಷರದಲ್ಲಿ ಮೇಲೆ ಅಂಟಿಸಬೇಕು ಮೇಡಂ. ರೋಲಪ್ ನಡೆಸುವವರು ಎಲ್‌1 ಫೋರ್ಕ್ ತಮ್ಮದಲ್ಲ ಅಂದುಕೊಂಡಿರುತ್ತಾರೆ.

ನೈಟ್ರೋ_ಕಡೆಯವನು:
ನಾನು ಆರ್ಬಿಟ್ರಮ್ (ಬೇರೊಂದು ರೋಲಪ್) ಕಡೆಯವನು, ಇಣುಕಿ ನೋಡುತ್ತಿದ್ದೆ. ನಮ್ಮಲ್ಲಿ ಆರ್ಬ್‌ಓಎಸ್ (ಚೈನಿನ ನಿಯಮಗಳಿರುವ ಭಾಗ) ಆವೃತ್ತಿ ಅಂತ ಇದೆ. ಯಾವ ಆವೃತ್ತಿಗೆ ಯಾವಾಗ ಬದಲಾಗಬೇಕು ಅನ್ನುವುದನ್ನು ಚೈನ್ ಮೇಲೆಯೇ ನಿಗದಿ ಮಾಡುತ್ತಾರೆ. ನಿಮ್ಮ ನೈಟ್ರೋ (ನಮ್ಮ ಕಡೆಯ ನೋಡ್ ತಂತ್ರಾಂಶ) ಹಳೆಯದಾಗಿದ್ದರೆ ಆ ಬ್ಲಾಕ್ ಬಂದಾಗ "ನೋಡ್ ಹಳತಾಗಿದೆ" ಅಂತ ಹೇಳಿ ನಿಂತುಬಿಡುತ್ತದೆ. ತಪ್ಪು ದಾರಿಯಲ್ಲಿ ಮುಂದೆ ಹೋಗುವುದಿಲ್ಲ. ನಿಮ್ಮಲ್ಲಿ ಹಾಗೆ ಇಲ್ಲವೇ?

ಹ್ಯಾಶ್_ನೋಡು:
ಇದೆ, ಆದರೆ ನಾವೇ ಹಾಕಿಕೊಳ್ಳಬೇಕು. ಎಲ್‌1ರಲ್ಲಿ ಪ್ರೋಟೋಕಾಲ್ ಆವೃತ್ತಿ ಹೇಳುವ ಒಂದು ಕಾಂಟ್ರಾಕ್ಟ್ (ಚೈನ್ ಮೇಲಿನ ಪ್ರೋಗ್ರಾಂ) ಇದೆ. ಆಪ್-ನೋಡ್ ಅದನ್ನು ಓದಿ, ತಾನು ಹಿಂದೆ ಬಿದ್ದಿದ್ದರೆ ನಿಲ್ಲುವ ಹಾಗೆ ಹಾಲ್ಟ್ ಫ್ಲ್ಯಾಗ್ ಇಡಬಹುದು. ಹಾಗೇ ಬಿಟ್ಟರೆ ನಿಲ್ಲುವುದಿಲ್ಲ. ನಿಲ್ಲದಿದ್ದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಒಂದು ಪರೀಕ್ಷಾ ಚೈನಿನಲ್ಲಿ ನಮ್ಮ ಒಂದು ನೋಡ್ ಮರೆತುಹೋಗಿತ್ತು. ಆಪ್-ನೋಡ್, ಆಪ್-ಗೆತ್ ಎರಡೂ ಹಳೆಯವು. ಫೋರ್ಕ್ ಬ್ಲಾಕ್‌ನಲ್ಲಿ ಹೊಸ ನೋಡ್‌ಗಳು ಕೆಲವು ವಿಶೇಷ ವಹಿವಾಟು ಸೇರಿಸುತ್ತವೆ, ಸಿಸ್ಟಂ ಕಾಂಟ್ರಾಕ್ಟ್‌ಗಳನ್ನು ಬದಲಾಯಿಸಲು. ಎಕೋಟೋನ್‌ನಲ್ಲಿ ಅಂಥವು ಆರು ಇದ್ದವು. ಹಳೆಯ ನೋಡ್‌ಗೆ ಅವು ಗೊತ್ತೇ ಇಲ್ಲ, ಹಾಗಾಗಿ ಸೇರಿಸಲಿಲ್ಲ. ಆ ಒಂದು ಬ್ಲಾಕ್‌ನ ಹ್ಯಾಶ್, ಅಂದರೆ ಅದರ ಬೆರಳಚ್ಚು, ಬೇರೆಯಾಯಿತು. ಅಲ್ಲಿಂದ ಮುಂದೆ ಎಲ್‌1ರಿಂದ ಬರುವ ಪ್ರತಿ ಬ್ಯಾಚ್ "ನನ್ನ ತಂದೆ ಬ್ಲಾಕ್ ಇಂಥದ್ದು" ಅನ್ನುತ್ತದೆ. ನಮ್ಮ ನೋಡ್ "ಅಂಥವರು ಇಲ್ಲಿ ಯಾರೂ ಇಲ್ಲ" ಅಂತ ಎಸೆಯುತ್ತದೆ.

ನಿಂತೇ ಹೋಗಿದ್ದರೆ ಚೆನ್ನಾಗಿತ್ತು. ಆದರೆ ಸೀಕ್ವೆನ್ಸಿಂಗ್ ವಿಂಡೋ ಅಂತ ಒಂದಿದೆ. 3600 ಎಲ್‌1 ಬ್ಲಾಕ್, ತಲಾ 12 ಸೆಕೆಂಡ್, ಒಟ್ಟು 12 ಗಂಟೆ. ಅಷ್ಟರೊಳಗೆ ಸರಿಯಾದ ಬ್ಯಾಚ್ ಸಿಗದಿದ್ದರೆ ನೋಡ್ ತಾನೇ ಖಾಲಿ ಬ್ಲಾಕ್ (ಸಿಸ್ಟಂನ ಒಂದು ವಹಿವಾಟು ಬಿಟ್ಟರೆ ಏನೂ ಇಲ್ಲದ್ದು) ಕಟ್ಟುತ್ತಾ ಮುಂದೆ ಹೋಗುತ್ತದೆ. ಸೀಕ್ವೆನ್ಸರ್ ಸತ್ತರೂ ಚೈನ್ ನಡೆಯಲಿ ಅಂತ ಇಟ್ಟ ನಿಯಮ ಅದು, ಒಳ್ಳೆಯದೇ. ನಮ್ಮ ಪಾಲಿಗೆ ಮಾತ್ರ ಅದು ಭೂತ. 12 ಗಂಟೆ ನಿಂತಿದ್ದ ನೋಡ್ ಎದ್ದು ಓಡತೊಡಗಿತು. ಪಾಳಿಯಲ್ಲಿದ್ದವರು "ತಾನೇ ಸರಿಹೋಯಿತು" ಅಂತ ಟಿಕೆಟ್ ಮುಚ್ಚಿದರು. ಯಾರೂ ಇಲ್ಲದ ಊರಿನಲ್ಲಿ ಒಂಟಿ ಬಸ್ ಓಡಿದ ಹಾಗೆ ಎರಡು ದಿನ ಓಡಿತು.

ತಕರಾರು_ತಮ್ಮಯ್ಯ:
ನಿಮ್ಮ ಅಲರ್ಟ್ ತಪ್ಪು ಅಷ್ಟೇ. ಖಾಲಿ ಬ್ಲಾಕ್‌ಗಳ ಸಮಯ 12 ಗಂಟೆ ಹಿಂದಿನದು ಇರುತ್ತದೆ. ಬ್ಲಾಕ್ ವಯಸ್ಸು ನೋಡಿದ್ದರೆ ಮೊದಲ ನಿಮಿಷದಲ್ಲೇ ಸಿಗುತ್ತಿತ್ತು.

ಹ್ಯಾಶ್_ನೋಡು:
ಸರಿಯಾಗಿ ಹೇಳಿದಿರಿ. ನಾವು ನೋಡುತ್ತಿದ್ದದ್ದು ಸಂಖ್ಯೆ ಏರುತ್ತಿದೆಯೇ ಅಂತ. ಆದರೂ ವಯಸ್ಸು ಒಂದೇ ಸಾಲದು. ಫೋರ್ಕ್ ದಾಟಿದ ಒಂದು ಬ್ಲಾಕ್ ಸಂಖ್ಯೆ ತೆಗೆದುಕೊಂಡು, ನಿಮ್ಮದಲ್ಲದ ಎರಡು ನೋಡ್‌ಗಳ ಬಳಿ ಅದರ ಹ್ಯಾಶ್ ಕೇಳಿ. ಮೂರೂ ಒಂದೇ ಇದ್ದರೆ ಮಲಗಿ. ನಿಮ್ಮ ಎರಡು ನೋಡ್‌ಗಳನ್ನೇ ಒಂದಕ್ಕೊಂದು ಹೋಲಿಸಬೇಡಿ. ಎರಡನ್ನೂ ಮರೆತವರು ನೀವೇ ಆಗಿರುತ್ತೀರಿ.

ಎರಡು_ನೋಡ್:
ಹಾಲ್ಟ್ ಫ್ಲ್ಯಾಗ್ ಹಾಕುವುದೋ ಬೇಡವೋ? ಯಾರೋ ಹೊರಗಿನವರ ಕಾಂಟ್ರಾಕ್ಟ್ ನೋಡಿ ನನ್ನ ನೋಡ್ ನಿಲ್ಲುವುದು ಸ್ವಲ್ಪ ಮುಜುಗರ.

ನೈಟ್ರೋ_ಕಡೆಯವನು:
ತಪ್ಪು ಉತ್ತರ ಕೊಡುವ ನೋಡ್‌ಗಿಂತ ಸತ್ತ ನೋಡ್ ಮೇಲು. ಸತ್ತದ್ದನ್ನು ಲೋಡ್ ಬ್ಯಾಲೆನ್ಸರ್ ತಾನೇ ಪಕ್ಕಕ್ಕಿಡುತ್ತದೆ. ತಪ್ಪು ಬ್ಯಾಲೆನ್ಸ್ ತೋರಿಸುವುದನ್ನು ಯಾರು ಪಕ್ಕಕ್ಕಿಡುತ್ತಾರೆ?

ತಕರಾರು_ತಮ್ಮಯ್ಯ:
ನಾನು ಹಾಕುವುದಿಲ್ಲ. ನನ್ನ ನೋಡ್ ಯಾವಾಗ ನಿಲ್ಲಬೇಕು ಅಂತ ನಾನೇ ನಿರ್ಧರಿಸುತ್ತೇನೆ. ಇಲ್ಲದಿದ್ದರೆ ನೋಡ್ ಯಾಕೆ ಓಡಿಸಬೇಕು?

ಕಟಕಿ_ಕಾಕಾ:
ಇರುವುದು ಒಂದೇ ಸೀಕ್ವೆನ್ಸರ್. ಅವರು ಅಪ್‌ಗ್ರೇಡ್ ಮಾಡಿದರೆ ನಾವೂ ಮಾಡಬೇಕು. ಇದರಲ್ಲಿ ನೀನು ನಿರ್ಧರಿಸುವುದು ಏನಿದೆ ತಮ್ಮಯ್ಯ?

ತಕರಾರು_ತಮ್ಮಯ್ಯ:
ಕಾಕಾ, ಶುರು ಮಾಡಿದಿರಾ. ಸೀಕ್ವೆನ್ಸರ್ ಕ್ರಮ ಹೇಳಬಹುದು, ಸುಳ್ಳು ಹೇಳಿದರೆ ನನ್ನ ನೋಡ್ ಒಪ್ಪುವುದಿಲ್ಲ. ಎಲ್‌1ರಿಂದ ನಾನೇ ಲೆಕ್ಕ ಹಾಕುತ್ತೇನೆ.

ಕಟಕಿ_ಕಾಕಾ:
ಒಪ್ಪದೆ ಮೂಲೆಯಲ್ಲಿ ಕೂತು ಖಾಲಿ ಬ್ಲಾಕ್ ಕಟ್ಟುತ್ತೀಯ. ಹ್ಯಾಶ್_ನೋಡು ಅವರ ಬಸ್ ಥರ.

ಪೇಜರ್_ಪೀಡಿತ:
ಈ ಜಗಳಕ್ಕೆ ಬೇರೆ ಎಳೆ ಮಾಡಿಕೊಳ್ಳಿ, ದಯವಿಟ್ಟು.

ಕೋಷ್ಟಕ_ರಾಣಿ:
ನೋಡ್ ಸರಿ ಇದ್ದರೂ ಅದರ ಮೇಲೆ ಕೂತಿರುವವರು ಮುರಿಯುತ್ತಾರೆ. ನಾನು ಇಂಡೆಕ್ಸರ್ (ಚೈನ್ ಡೇಟಾವನ್ನು ಹುಡುಕಲು ಜೋಡಿಸಿಡುವ ಪ್ರೋಗ್ರಾಂ) ನೋಡಿಕೊಳ್ಳುತ್ತೇನೆ. ಹೋಲೋಸೀನ್‌ಗೆ ಮೊದಲು ಬ್ಲಾಕ್ ಹೆಡರ್‌ನ (ಬ್ಲಾಕ್‌ನ ತಲೆಬರಹ) ಎಕ್ಸ್‌ಟ್ರಾಡೇಟಾ ಅನ್ನುವ ಜಾಗ ಖಾಲಿ ಇರುತ್ತಿತ್ತು. ಹೋಲೋಸೀನ್‌ನಿಂದ ಅದರಲ್ಲಿ 9 ಬೈಟ್ ಬಂತು, ಶುಲ್ಕದ ಎರಡು ಅಳತೆಗಳು. ನಮ್ಮ ಕೋಡ್ ಅದು ಖಾಲಿ ಅಂತಲೇ ಹಿಡಿದು ಹ್ಯಾಶ್ ಮರುಲೆಕ್ಕ ಹಾಕುತ್ತಿತ್ತು. ನೋಡ್ ತಂಡದವರು "ನಮ್ಮದು ಸರಿ ಇದೆ" ಅಂದರು. ನಿಜ, ಅವರದು ಸರಿ ಇತ್ತು. ಇಡೀ ರಾತ್ರಿ ನಾವು ಅವರನ್ನು ಬೈದುಕೊಂಡೆವು.

ಫೋರ್ಕ್ ಟಿಪ್ಪಣಿಯನ್ನು ನಿಮ್ಮ ಆರ್‌ಪಿಸಿ ಬಳಸುವವರಿಗೂ ಕಳಿಸಿ. ಹೆಡರ್‌ನಲ್ಲಿ ಏನು ಬದಲಾಗುತ್ತದೆ, ರಸೀದಿಯಲ್ಲಿ ಯಾವ ಹೊಸ ಜಾಗ ಬರುತ್ತದೆ, ಇಷ್ಟು ಹೇಳಿದರೆ ಸಾಕು.

ಲಾಗ್_ಪ್ರಿಯ:
ನಮ್ಮಲ್ಲಿ ಒಬ್ಬರು ಚಾಲೆಂಜರ್ (ಎಲ್‌1ಗೆ ಕೊಟ್ಟ ತಪ್ಪು ಲೆಕ್ಕವನ್ನು ಪ್ರಶ್ನಿಸುವ ಪ್ರೋಗ್ರಾಂ) ಕೂಡ ಓಡಿಸುತ್ತಾರೆ. ಅವರು ಹೊಸ ಪ್ರೀಸ್ಟೇಟ್ (ಆ ತಕರಾರು ಪರೀಕ್ಷೆಯ ಆರಂಭದ ಸ್ಥಿತಿ) ಕೂಡ ತಂದುಕೊಳ್ಳಬೇಕು. ನೋಡ್ ಮಾತ್ರ ಓಡಿಸುವವರಿಗೆ ಅದರ ಗೊಡವೆ ಇಲ್ಲ.

ಹೊಸಬ_07:
ಇಷ್ಟೆಲ್ಲ ಯಾಕೆ? ಡಾಕರ್‌ನಲ್ಲಿ ಲೇಟೆಸ್ಟ್ ಟ್ಯಾಗ್ ಹಾಕಿ ರಾತ್ರಿ ತಾನೇ ಅಪ್‌ಡೇಟ್ ಆಗುವ ಹಾಗೆ ಬಿಟ್ಟರೆ ಆಗಲ್ವಾ?

ತಕರಾರು_ತಮ್ಮಯ್ಯ:
ಬೇಡ.

ಪೇಜರ್_ಪೀಡಿತ:
ಬೇಡ. ತಮ್ಮಯ್ಯ ಮತ್ತು ನಾನು ಒಪ್ಪಿದ ಮೊದಲ ವಿಷಯ, ಬರೆದಿಟ್ಟುಕೊಳ್ಳಿ.

ಹ್ಯಾಶ್_ನೋಡು:
ಕಾರಣವೂ ಹೇಳಿ ಪಾಪ. ಆಪ್-ನೋಡ್ ಮತ್ತು ಆಪ್-ಗೆತ್ ಬೇರೆ ಬೇರೆ ದಿನ ಬಿಡುಗಡೆಯಾಗುತ್ತವೆ. ಒಂದು ಬದಲಾಗಿ ಇನ್ನೊಂದು ಬದಲಾಗದೆ ಉಳಿಯಬಹುದು. ಏನಾದರೂ ಕೆಟ್ಟರೆ ನಿನ್ನೆ ಯಾವ ಆವೃತ್ತಿ ಓಡುತ್ತಿತ್ತು ಅಂತಲೂ ಗೊತ್ತಿರುವುದಿಲ್ಲ. ಆವೃತ್ತಿ ಸಂಖ್ಯೆ ಬರೆದು ಕಟ್ಟಿಹಾಕಿ. ಮತ್ತೆ, ನಿಮ್ಮ ಚೈನ್ ಸೂಪರ್‌ಚೈನ್ ರಿಜಿಸ್ಟ್ರಿಯಲ್ಲಿ (ಆಪ್ ಸ್ಟ್ಯಾಕ್ ಚೈನ್‌ಗಳ ಪಟ್ಟಿ) ಇದೆಯೇ ನೋಡಿ. ಇದ್ದರೆ ನೆಟ್‌ವರ್ಕ್ ಹೆಸರು ಕೊಟ್ಟರೆ ಫೋರ್ಕ್ ಸಮಯ ಬೈನರಿಯಿಂದಲೇ ಬರುತ್ತದೆ. ಇಲ್ಲದಿದ್ದರೆ ನೀವೇ ಕೈಯಿಂದ ಕೊಡಬೇಕು, ಎರಡೂ ಕಡೆ. ಒಂದೇ ಕಡೆ ಕೊಟ್ಟವರನ್ನು ಪ್ರತಿ ಫೋರ್ಕ್‌ನಲ್ಲೂ ನೋಡುತ್ತೇನೆ. ಶುರುವಾದಾಗ ಎರಡೂ ತಮ್ಮ ಲಾಗ್‌ನಲ್ಲಿ ಫೋರ್ಕ್ ಸಮಯಗಳ ಪಟ್ಟಿ ಬರೆಯುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ಎರಡು_ನೋಡ್:
ಇದನ್ನು ಈಗಲೇ ಮಾಡಿ ಬಂದೆ. ಆರ್ಕೈವ್‌ನ ಆಪ್-ಗೆತ್ ಲಾಗ್‌ನಲ್ಲಿ ಹೊಸ ಫೋರ್ಕ್ ಹೆಸರೇ ಇಲ್ಲ! ಇಮೇಜ್ ಬದಲಾಯಿಸಿದ್ದೆ, ಕಂಟೇನರ್ ಮತ್ತೆ ಕಟ್ಟಿರಲಿಲ್ಲ. ಎರಡನೇ ಸಲ ಅದೇ ಗುಂಡಿಗೆ ಬೀಳುತ್ತಿದ್ದೆ.

ಪೇಜರ್_ಪೀಡಿತ:
ಅದಕ್ಕೇ ಹತ್ತು ದಿನ ಮೊದಲು. ತಮ್ಮಯ್ಯ, ಓದಿದಿರಾ?

ತಕರಾರು_ತಮ್ಮಯ್ಯ:
ಆರ್ಕೈವ್‌ಗೆ ಆಗಲೇ ಒಪ್ಪಿದ್ದೆನಲ್ಲ.

[ಹದಿಮೂರು ದಿನಗಳ ನಂತರ]

ಎರಡು_ನೋಡ್:
ಫೋರ್ಕ್ ನಿನ್ನೆ ಮುಗಿಯಿತು, ವರದಿ ಒಪ್ಪಿಸುತ್ತೇನೆ. ಎರಡೂ ನೋಡ್ ದಾಟಿದವು. ಫೋರ್ಕ್ ಬ್ಲಾಕ್ ಮತ್ತು ಅದರ ಮುಂದಿನ ನೂರನೇ ಬ್ಲಾಕ್‌ನ ಹ್ಯಾಶ್ ಹೊರಗಿನ ಎರಡು ನೋಡ್‌ಗಳ ಜೊತೆ ತಾಳೆಯಾಯಿತು.

ಒಂದು ಎಡವಟ್ಟು ಆಯಿತು. ನಾವು ಹಣ ಕೊಟ್ಟು ಬಳಸುವ ಬೀಕನ್ ಸೇವೆ ಫೋರ್ಕ್ ಆದ ಹತ್ತು ನಿಮಿಷಕ್ಕೆ "ವಿನಂತಿ ಜಾಸ್ತಿಯಾಯಿತು" ಅಂತ 429 ಕೊಡತೊಡಗಿತು. ಪರವಾಗಿಲ್ಲ, ಬದಲಿಯಾಗಿ ನಮ್ಮ ಸ್ವಂತ ಬೀಕನ್ ಇದೆ ಅಂದುಕೊಂಡೆ. ಅದು ಸೂಪರ್‌ನೋಡ್ ಆಗಿರಲಿಲ್ಲ. ಬ್ಲಾಬ್_ಹುಡುಗಿ ಅವರು ಹೇಳಿದ್ದನ್ನು ಓದಿದ್ದೆ, ತಲೆಯಾಡಿಸಿದ್ದೆ, ಮಾಡಿರಲಿಲ್ಲ. ಸೇಫ್ ಹೆಡ್ ನಲವತ್ತು ನಿಮಿಷ ಹಿಂದೆ ಬಿತ್ತು. ಮುಖ್ಯ ಸೇವೆ ಸರಿಹೋದ ಮೇಲೆ ತಾನೇ ಮುಂದೆ ಬಂತು. ಈ ಸಲ ಅಲರ್ಟ್ ಮಾತ್ರ ಸರಿಯಾದ ಸಮಯಕ್ಕೆ ಕೂಗಿತು.

ಬ್ಲಾಬ್_ಹುಡುಗಿ:
ಬದಲಿ ವಿಳಾಸವನ್ನು ಒಂದು ದಿನ ಮುಖ್ಯ ವಿಳಾಸವಾಗಿ ಓಡಿಸಿ ನೋಡಿ. ಅಲ್ಲಿಯವರೆಗೆ ಅದು ಬದಲಿ ಅಲ್ಲ, ಬರೀ ಒಂದು ಸಾಲು ಕಾನ್ಫಿಗ್.

ಹೊಸಬ_07:
ಎಲ್ಲರಿಗೂ ಅಭಿನಂದನೆ. ನನಗೆ ಕೆಲಸ ಜಾಸ್ತಿ ಇತ್ತು, ಅಪ್‌ಗ್ರೇಡ್ ಮಾಡಲು ಆಗಲಿಲ್ಲ. ನಿನ್ನೆ ಸ್ವಲ್ಪ ಹೊತ್ತು ನಿಂತಿತ್ತು, ಈಗ ಹಳೆಯ ಆವೃತ್ತಿಯಲ್ಲೇ ಬ್ಲಾಕ್ ಬರ್ತಾ ಇದೆ. ಪರವಾಗಿಲ್ಲ ಅಲ್ವಾ?

ಹ್ಯಾಶ್_ನೋಡು:
ಎಷ್ಟು ಹೊತ್ತು ನಿಂತಿತ್ತು?

ಹೊಸಬ_07:
ಹನ್ನೆರಡು ಗಂಟೆ ಇರಬಹುದು.

ಹ್ಯಾಶ್_ನೋಡು:
ಕೊನೆಯ ಬ್ಲಾಕ್‌ನಲ್ಲಿ ಎಷ್ಟು ವಹಿವಾಟು ಇದೆ ನೋಡಿ ಹೇಳಿ.

ಹೊಸಬ_07:
ಒಂದು. ಅದರ ಹಿಂದಿನದರಲ್ಲೂ ಒಂದು. ಎಲ್ಲದರಲ್ಲೂ ಒಂದೇ ಇದೆ.

ಕಟಕಿ_ಕಾಕಾ:
ಬಸ್ ಬಂತು.

ಪೇಜರ್_ಪೀಡಿತ:
ನೋಡ್ ನಿಲ್ಲಿಸು ತಮ್ಮಾ. 300 ಸೆಕೆಂಡ್ ಕೊಟ್ಟು ನಿಲ್ಲಿಸು. ಸ್ನ್ಯಾಪ್‌ಶಾಟ್ ಇಳಿಸಲು ಡಿಸ್ಕ್‌ನಲ್ಲಿ ಎಷ್ಟು ಜಾಗ ಇದೆ ಅಂತ ಇಲ್ಲೇ ಬರಿ, ನೋಡೋಣ.